ಉಪಲಿ ಬುರುಜಿನ ಕಬ್ಬಿಣ, ಶೆರ್ಜಾ ಬುರುಜಿನ ಕಂಚು

ವಿಜಯಪುರದಲ್ಲಿ ತೋಪು-ಬಂದೂಕುಗಳ ಹುಚ್ಚಿರುವ ಯಾರನ್ನೇ ಕೇಳಿ, ಮೊದಲು ಕೈ ಹೋಗುವುದು ಪಡುವಣ ಕೋಟೆಗೋಡೆಯ ಕಡೆಗೆ. ಅಲ್ಲಿ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಕೂತಿದೆ. ಊರವರ ಬಾಯಲ್ಲಿ ಅದು ಮುಲ್ಕ್ ಮೈದಾನ ತೋಪು. ಗೋಳಗುಮ್ಮಟ ನೋಡಿ ಬಂದ ಪ್ರವಾಸಿಗಳನ್ನು ಟಾಂಗಾದವರೂ ಆಟೋದವರೂ ತಪ್ಪದೆ ಇಲ್ಲಿಗೆ ತರುತ್ತಾರೆ. ಅಲ್ಲಿಂದ ಕಣ್ಣಳತೆಯಲ್ಲೇ, ದಖನಿ ಈದ್ಗಾದ ಹತ್ತಿರ, ಉಪಲಿ ಬುರುಜು ಎದ್ದು ನಿಂತಿದೆ. ಅದರ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದವರು ಊರನ್ನು ಒಂದು ಸುತ್ತು ನೋಡಿ, ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅಲ್ಲಿ ಮಲಗಿರುವ ಎರಡು ನೀಳ ಕಬ್ಬಿಣದ ತೋಪುಗಳು ಕೂರಲು ಕಟ್ಟೆಯಾಗಿ ಒದಗುತ್ತವೆ, ಅಷ್ಟೇ. ನನ್ನ ಒಲವು ಆ ಕಬ್ಬಿಣದ ಕಡೆಗೆ. ಆಯುಧ ಮಾಡುವುದರಲ್ಲಿ ಈ ನೆಲದ ಸ್ವಂತ ಕಸುಬು ಯಾವುದೆಂದು ತಿಳಿಯಬೇಕಾದರೆ ಶೆರ್ಜಾ ಬುರುಜಿನ ಸಿಂಹಮೂತಿಯ ಕಂಚಿನ ತೋಪಿಗಿಂತ ಹೆಚ್ಚು ಹೊತ್ತನ್ನು ಉಪಲಿ ಬುರುಜಿನ ಮೇಲೆ ಕಳೆಯಬೇಕು.

ಹಾಗೆಂದು ಸಿಂಹಕ್ಕೆ ಸಲ್ಲಬೇಕಾದ್ದನ್ನು ಕಡಿಮೆ ಮಾಡಲಾಗದು. ಮಲಿಕ್-ಎ-ಮೈದಾನ್ ನಮ್ಮೂರಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದನಗರದ ನಿಜಾಮಶಾಹಿಗಾಗಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರ್ಕಿ ಮೂಲದ ಎರಕದಾಳು ಅದನ್ನು ಎರೆದ. ಅವನ ಹೆಸರು ತೋಪಿನ ಮೈಮೇಲೇ ಇದೆ. ಉದ್ದ 14 ಅಡಿ 4 ಅಂಗುಲ, ಬಾಯಿಯ ಅಗಲ 2 ಅಡಿ 4 ಅಂಗುಲ, ತೂಕ ಸುಮಾರು 55 ಟನ್. ಲೋಹ ಗಂಟೆಯ ಕಂಚು: ಸುಮಾರು ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ. ಈ ಪಾಕದ ಗುಣವೇ ಬಡಿದಾಗ ನಾದ ಹೊರಡಿಸುವುದು. ತೋಪಿನ ಮೂತಿಯಲ್ಲಿ ಬಾಯಿ ತೆರೆದ ಸಿಂಹ, ಅದರ ಕೋರೆಗಳ ನಡುವೆ ಸಿಕ್ಕಿಬಿದ್ದ ಆನೆ. ಎರಕ ಹೊಯ್ಯುವಾಗಲೇ ಇಷ್ಟು ಅಲಂಕಾರವನ್ನು ಮೂಡಿಸಿದ ಕೈ ಸಾಮಾನ್ಯದ್ದಲ್ಲ.

ಆ ಬಾಯಿಗೆ ಒಂದು ಕಲ್ಲಿನ ಗುಂಡು ಎಷ್ಟು ತೂಗುತ್ತಿತ್ತು? ಲೆಕ್ಕ ಹಾಕುವುದು ಕಷ್ಟವಲ್ಲ. ಎಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಕರಿಕಲ್ಲಿನ ಗುಂಡೆಂದರೆ ಐದು ಕ್ವಿಂಟಲ್ ಆಸುಪಾಸು. ನಾಲ್ಕಾರು ಜನ ಸೇರಿದರೂ ಎತ್ತಲಾಗದ ಭಾರ. ಅದನ್ನು ಮೂತಿಯ ಎತ್ತರಕ್ಕೆ ಏರಿಸಿ, ಮದ್ದು ತುಂಬಿ, ಬತ್ತಿ ಹಚ್ಚುವಷ್ಟರಲ್ಲಿ ಕಾಳಗದ ರೂಪವೇ ಬದಲಾಗಿರುತ್ತಿತ್ತು. ಆದ್ದರಿಂದಲೇ ಇತಿಹಾಸಕಾರ ಫೆರಿಶ್ತಾ ಹೇಳುವ ಒಂದು ಸಂಗತಿ ನನಗೆ ನಂಬಲರ್ಹವಾಗಿ ಕಾಣುತ್ತದೆ. ಫೆರಿಶ್ತಾ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇದೇ ಊರಲ್ಲಿ ಕೂತು ಬರೆದವನು. 1565ರ ಜನವರಿಯ ರಕ್ಕಸಗಿ-ತಂಗಡಗಿ ಕಾಳಗದಲ್ಲಿ ಅಹಮದನಗರದ ತೋಪಖಾನೆಯ ಮುಖ್ಯಸ್ಥ ಚಲಬಿ ರೂಮಿ ಖಾನನ ಬಳಿ ದೊಡ್ಡವು, ನಡುವಿನವು, ಸಣ್ಣವು ಸೇರಿ 600 ತೋಪುಗಳಿದ್ದುವಂತೆ. ವಿಜಯನಗರದ ಪಡೆ ತೀರ ಹತ್ತಿರಕ್ಕೆ ಬಂದಾಗ ಅವನು ಗುಂಡಿನ ಬದಲು ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದನಂತೆ. ಮಲಿಕ್-ಎ-ಮೈದಾನ್ ಆ ಕಾಳಗದಲ್ಲಿತ್ತೆಂದು ಪರಂಪರೆ ಹೇಳುತ್ತದೆ. ಉದ್ದಕ್ಕೂ ಬಾಯಿಗೂ ಇರುವ ಪ್ರಮಾಣ ನೋಡಿದರೂ ಅದು ದೂರ ಗುರಿಯ ತೋಪಲ್ಲ. ಇಡೀ ಉದ್ದ ಬಾಯಗಲದ ಆರರಷ್ಟು ಮಾತ್ರ. ಹತ್ತಿರದ ದಂಡಿನ ಮೇಲೆ ಚೂರುಪಾರುಗಳ ಮಳೆ ಸುರಿಸುವುದಕ್ಕೇ ಅದು ಹೇಳಿ ಮಾಡಿಸಿದ್ದು.

ಅದು ನಮ್ಮೂರಿಗೆ ಬಂದ ಕಥೆ ಎರಕಕ್ಕಿಂತ ಸೋಜಿಗದ್ದು. ನಿಜಾಮಶಾಹಿಯ ಪರಂಡಾ ಕೋಟೆಯಿಂದ 1632ರಲ್ಲಿ ಆದಿಲಶಾಹಿಯ ಸರದಾರ ಮುರಾರಿ ಪಂಡಿತ ಅದನ್ನು ಗೆಲುವಿನ ಗುರುತಾಗಿ ಸಾಗಿಸಿ ತಂದ. ಹತ್ತು ಆನೆ, 400 ಎತ್ತು, ನೂರಾರು ಆಳು ಎಳೆದರೆಂದು ಹೇಳಿಕೆ. ಪರಂಡಾ ಇವತ್ತಿನ ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿದೆ. ಅಲ್ಲಿಂದ ಇಲ್ಲಿಗೆ ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ, ಅದೂ ಮಳೆ ಬಿದ್ದರೆ ಗಾಲಿ ಹೂತುಹೋಗುವ ಎರೆಮಣ್ಣಿನ ದಾರಿ. ಈ ಮುರಾರಿ ಪಂಡಿತನೇ ಭೀಮೆಯ ದಡದ ತುಳಾಪುರದಲ್ಲಿ ಆನೆಯನ್ನು ದೋಣಿಗೇರಿಸಿ, ದೋಣಿ ಮುಳುಗಿದ ಮಟ್ಟ ಗುರುತಿಟ್ಟು, ಅಷ್ಟೇ ಮಟ್ಟಕ್ಕೆ ಕಲ್ಲು ತುಂಬಿ ಆನೆಯ ತೂಕ ಕಂಡುಹಿಡಿದನೆಂಬ ಕಥೆ ಮರಾಠಿ ಸೀಮೆಯಲ್ಲಿ ಪ್ರಸಿದ್ಧ. ಭಾರದ ಲೆಕ್ಕ ಬಲ್ಲ ಮನುಷ್ಯನೇ ಈ ತೋಪಿನ ಗಾಡಿಯ ಹಿಂದೆ ಇದ್ದ ಎಂಬುದು ನನಗೆ ತುಂಬ ಹಿಡಿಸುವ ವಿಷಯ. ಇದರ ಜೊತೆಗಾರ ತೋಪೊಂದಿತ್ತು, ಹೆಸರು ಕಡಕ್ ಬಿಜಲಿ, ಸಾಗಿಸುವಾಗ ಹೊಳೆ ಪಾಲಾಯಿತು ಎನ್ನುತ್ತಾರೆ. ಕೃಷ್ಣೆ ಎನ್ನುವವರೂ ಇದ್ದಾರೆ, ಭೀಮೆ ಎನ್ನುವವರೂ ಇದ್ದಾರೆ. ಪರಂಡಾದಿಂದ ಬಂದದ್ದೇ ನಿಜವಾದರೆ ದಾರಿಗೆ ಅಡ್ಡ ಹರಿಯುವುದು ಭೀಮೆ. ಕೃಷ್ಣೆ ಇರುವುದು ನಮ್ಮ ದಕ್ಷಿಣಕ್ಕೆ.

ಮಾಡಿದವನ ಹೆಸರಿನ ಜೊತೆಗೆ ತೋಪಿನ ಮೇಲೆ ಇನ್ನೊಂದು ಬರಹವಿದೆ, ಔರಂಗಜೇಬನದು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ತನ್ನ ಗೆಲುವನ್ನು ಅವನು ಇದರ ಮೈಮೇಲೆ ಕೊರೆಸಿದ. ಗೆದ್ದ ತೋಪಿನ ಮೇಲೆ ಗೆದ್ದವನ ಹೆಸರು ಕೆತ್ತುವುದು ಆ ಕಾಲದ ರೂಢಿ. ಆದರೆ ಆಮೇಲೆ ಬಂದ ಇಂಗ್ಲಿಷರ ಆಡಳಿತ ಮಾಡಹೊರಟದ್ದು ಬೇರೆ. 1854ರಲ್ಲಿ ಸಾತಾರಾದ ಕಮಿಷನರ್ ಕಡೆಯಿಂದ ಕೆಲಸಕ್ಕೆ ಬಾರದ ಸಾಮಾನೆಂದು ಇದನ್ನು ಹರಾಜಿಗಿಡಲಾಯಿತು. ಬಂದ ದೊಡ್ಡ ಕೂಗು 150 ರೂಪಾಯಿ. ಎಂದರೆ ಒಂದು ರೂಪಾಯಿಗೆ ಮುನ್ನೂರು ಕಿಲೋಗಿಂತ ಹೆಚ್ಚು ಕಂಚು! ಬೆಲೆ ತೀರ ಕಡಿಮೆಯೆಂದೂ ಜನರಿಗೆ ತೋಪಿನ ಮೇಲೆ ಭಕ್ತಿಯಿದೆಯೆಂದೂ ಮೇಲಕ್ಕೆ ವರದಿ ಹೋಗಿ ಮಾರಾಟ ನಿಂತಿತು. ಜನ ಅದಕ್ಕೆ ಎಣ್ಣೆ ಹಚ್ಚಿ, ಹೂ ಏರಿಸುತ್ತಿದ್ದ ವಿಷಯ ಆ ಕಾಲದ ಬರಹಗಳಲ್ಲಿದೆ. ತೋಪನ್ನು ಕರಗಿಹೋಗದಂತೆ ಉಳಿಸಿದ್ದು ಯಾವ ಪುರಾತತ್ವ ಕಾನೂನೂ ಅಲ್ಲ, ಅಂಥದ್ದೊಂದು ಆಗ ಇರಲೇ ಇಲ್ಲ. ಉಳಿಸಿದ್ದು ಊರಿನ ಮಂದಿಯ ಪ್ರೀತಿ. ಹವ್ಯಾಸಿಗಳಾದ ನಮಗೆ ಅವರೇ ಹಿರಿಯರು ಎಂದು ನಾನು ಭಾವಿಸುತ್ತೇನೆ.

ಈಗ ಉಪಲಿ ಬುರುಜು ಹತ್ತೋಣ. 1583ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ್ದು, ಎತ್ತರ ಸುಮಾರು 80 ಅಡಿ. ಮೊದಲನೆಯ ಅಲಿ ಆದಿಲಶಾಹ ಊರಿನ ಸುತ್ತ ಹತ್ತು ಕಿಲೋಮೀಟರ್ ಗೋಡೆ ಎಬ್ಬಿಸುವಾಗ ಒಬ್ಬೊಬ್ಬ ಸರದಾರನಿಗೆ ಒಂದೊಂದು ಪಾಲು ಹಂಚಿದ್ದ. ಹೈದರ್ ಖಾನ್ ಆಗ ದಂಡಿನ ಜೊತೆ ಹೊರಗಿದ್ದನಂತೆ. ತಿರುಗಿ ಬಂದಾಗ ಕಟ್ಟಲು ಪಾಲೇ ಉಳಿದಿರಲಿಲ್ಲವೆಂದು, ಗೋಡೆಯ ಒಳಗೆ ದಿಣ್ಣೆಯ ಮೇಲೆ ಎಲ್ಲಕ್ಕಿಂತ ಎತ್ತರದ ಬುರುಜನ್ನೇ ನಿಲ್ಲಿಸಿದನೆಂದು ಕಥೆ. ಹೆನ್ರಿ ಕೌಸೆನ್ಸ್ 1916ರ ತನ್ನ ಬಿಜಾಪುರದ ಗ್ರಂಥದಲ್ಲಿ ಇದನ್ನೂ ಇಲ್ಲಿನ ತೋಪುಗಳ ಅಳತೆಗಳನ್ನೂ ದಾಖಲಿಸಿದ್ದಾನೆ. ದೊಡ್ಡದರ ಹೆಸರು ಲಂಬಚರಿ. ಉದ್ದ 30 ಅಡಿ 8 ಅಂಗುಲ, ಬಾಯಿ 12 ಅಂಗುಲ. ಚಿಕ್ಕದು 20 ಅಡಿಗೆ ಎರಡು ಅಂಗುಲ ಕಡಿಮೆ. ಲಂಬಚರಿಯ ಉದ್ದ ಬಾಯಗಲದ ಮೂವತ್ತು ಪಟ್ಟು ಎಂಬುದನ್ನು ಗಮನಿಸಿ. ಮಲಿಕ್‌ನ ಆರು ಪಟ್ಟಿನೆದುರು ಇದು ಬೇರೆಯೇ ಜಾತಿಯ ಆಯುಧ. ಸುಮಾರು ನಲವತ್ತು ಕಿಲೋ ಗುಂಡನ್ನು ನೀಳ ಕೊಳವೆಯಲ್ಲಿ ದೂಡಿ ಕೋಟೆಗೋಡೆಯ ಆಚೆ ಬೀಡುಬಿಟ್ಟ ವೈರಿಯನ್ನು ಮುಟ್ಟಿಸುವ ಉದ್ದೇಶ ಅದರದ್ದು. ಎಂಬತ್ತು ಅಡಿ ಎತ್ತರದ ಕಟ್ಟಡ ಆ ಗುರಿಗೆ ಇನ್ನಷ್ಟು ದೂರ ಸೇರಿಸುತ್ತದೆ.

ಅದನ್ನು ಮಾಡಿದ ಬಗೆ ನೋಡಬೇಕಾದರೆ ಬಿಸಿಲು ಓರೆಯಾಗಿರುವ ಹೊತ್ತಿಗೆ ಹೋಗಬೇಕು. ಆಗ ಕಬ್ಬಿಣದ ಮೈಮೇಲಿನ ಬಳೆಗಳ ಅಂಚು ಒಂದೊಂದಾಗಿ ನೆರಳು ಚೆಲ್ಲುತ್ತದೆ. ಇದು ಎರಕದ್ದಲ್ಲ. ಅಷ್ಟು ಕಬ್ಬಿಣವನ್ನು ಒಮ್ಮೆಗೇ ಕರಗಿಸಿ ಹೊಯ್ಯುವ ಕುಲುಮೆ ಆಗ ಇಲ್ಲಿರಲಿಲ್ಲ. ಕಮ್ಮಾರರು ಉದ್ದನೆಯ ಪಟ್ಟಿಗಳನ್ನು ದುಂಡಗೆ ಜೋಡಿಸಿ ಕೊಳವೆ ಮಾಡಿದರು. ಅದರ ಮೇಲೆ ಕೆಂಪಗೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿದರು, ಬಡಿದು ಬೆಸೆದರು. ಚಕ್ಕಡಿ ಗಾಲಿಗೆ ಹಳಿ ಏರಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ಕಾದಾಗ ಹಿಗ್ಗಿದ ಬಳೆ ಆರಿದಾಗ ಕುಗ್ಗಿ ಒಳಗಿನದನ್ನು ಬಿಗಿದು ಹಿಡಿಯುತ್ತದೆ. ಮದ್ದು ಸಿಡಿದಾಗ ಕೊಳವೆ ಹೊರಕ್ಕೆ ಒತ್ತುತ್ತದೆ, ಬಳೆ ಮೊದಲೇ ಒಳಕ್ಕೆ ಒತ್ತುತ್ತಿರುತ್ತದೆ. ಆ ಎರಡು ಒತ್ತಡಗಳ ನಡುವೆ ತೋಪು ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ವಿಲಿಯಂ ಆರ್ಮ್‌ಸ್ಟ್ರಾಂಗ್ ಹೊಸ ಬಗೆಯ ತೋಪುಗಳನ್ನು ಕಟ್ಟಿದಾಗ ಅವನು ನಂಬಿದ್ದು ಇದೇ ತತ್ವವನ್ನು, ಕುಗ್ಗಿ ಬಿಗಿಯುವ ಹೊರಪದರಗಳನ್ನು. ಯುರೋಪಿನಲ್ಲೂ ಹಿಂದೆ ಬಳೆ ತೊಡಿಸಿದ ತೋಪುಗಳಿದ್ದವು. ಸ್ಕಾಟ್ಲೆಂಡಿನ ಎಡಿನ್‌ಬರೊ ಕೋಟೆಯಲ್ಲಿರುವ, 1449ರ ಮಾನ್ಸ್ ಮೆಗ್ ಅಂಥದ್ದು. ಅಲ್ಲಿ ಎರಕ ಬಂದಂತೆ ಆ ಕಸುಬು ಹಿಂದೆ ಸರಿಯಿತು. ಇಲ್ಲಿ ಕಮ್ಮಾರರು ಅದನ್ನು ಬಿಡದೆ ಬೆಳೆಸಿದರು. ಕಲಬುರಗಿ ಕೋಟೆಯ 29 ಅಡಿಯ ಬಾರಾ ಗಜಿ ತೋಪು, ತಂಜಾವೂರಿನ ರಾಜಗೋಪಾಲ ತೋಪು, ಬಂಗಾಳದ ಬಿಷ್ಣುಪುರದ ದಳಮಾದಳ, ಎಲ್ಲ ಇದೇ ಬಳಗದವು. ಕಾನ್ಪುರ ಐಐಟಿಯಲ್ಲಿದ್ದ ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ಇವುಗಳ ಬೆನ್ನು ಹತ್ತಿ ಊರೂರು ಅಲೆದರು. ಭಾರತದ ತೋಪುಗಳ ಕುರಿತ ಅವರ ಗ್ರಂಥ 2008ರಲ್ಲಿ ಬಂತು. ನಮ್ಮ ಕಡೆಯ ಯಾವ ಹವ್ಯಾಸಿಗೂ ಅದು ಮೊದಲ ಪಾಠಪುಸ್ತಕವಾಗಬೇಕು.

ಇನ್ನೊಂದು ತೋಪಿದೆ, ಅದನ್ನು ನೋಡಿದವರು ಊರಲ್ಲೇ ಕಡಿಮೆ. ದಕ್ಷಿಣದ ಗೋಡೆಯ ಮೇಲಿನ ಲಾಂಡಾ ಕಸಾಬ್. 21 ಅಡಿ 7 ಅಂಗುಲ ಉದ್ದ, ಒಂದೂವರೆ ಅಡಿ ಮಿಕ್ಕಿದ ಬಾಯಿ, ತೂಕ ಸುಮಾರು 47 ಟನ್. ಇದೂ ಪಟ್ಟಿ-ಬಳೆಗಳ ಕಬ್ಬಿಣ. ಕಂಚಿನ ಮಲಿಕ್‌ನ ತೂಕಕ್ಕೆ ಹತ್ತಿರ ಬರುವ ಭಾರವನ್ನು ಕುಲುಮೆ, ಸುತ್ತಿಗೆ, ಇದ್ದಿಲುಗಳಿಂದಲೇ ಒಂದುಗೂಡಿಸಿದ್ದಾರೆ! 1685-86ರ ಮುತ್ತಿಗೆಯ ಹೊಡೆತ ಹೆಚ್ಚು ಬಿದ್ದದ್ದು ಈ ದಕ್ಷಿಣದ ಗೋಡೆಯ ಮೇಲೆ. ಗೆದ್ದ ಔರಂಗಜೇಬ ಒಳಬಂದ ಮನಗೂಳಿ ದರವಾಜೆಗೆ ಫತೇ ದರವಾಜೆ ಎಂಬ ಹೆಸರಾಯಿತು.

ತೋಪಿನ ಚರಿತ್ರೆಯಲ್ಲಿ ಈ ಸೀಮೆ ಸೋಲಿನಿಂದಲೂ ಕಲಿತಿದೆ. 1520ರಲ್ಲಿ ರಾಯಚೂರಿಗಾಗಿ ಇಸ್ಮಾಯಿಲ್ ಆದಿಲಶಾಹನೂ ಕೃಷ್ಣದೇವರಾಯನೂ ಹೋರಾಡಿದಾಗ ತೋಪುಗಳ ಬಲವಿದ್ದದ್ದು ಆದಿಲಶಾಹನ ಕಡೆ. ಮೊದಲ ಹೊಡೆತಕ್ಕೆ ರಾಯನ ಪಡೆ ಚೆದುರಿತು. ಮತ್ತೆ ಮದ್ದು ತುಂಬುವಷ್ಟರಲ್ಲಿ ರಾಯ ತಾನೇ ಮುನ್ನುಗ್ಗಿ ಕಾಳಗ ಗೆದ್ದ. ಆಮೇಲೆ ಕೋಟೆ ಮುತ್ತಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಗಾರರು ಗೋಡೆಯ ಮೇಲಿನ ಕಾವಲಿನವರನ್ನು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರು. ಇತಿಹಾಸಕಾರ ರಿಚರ್ಡ್ ಈಟನ್ ಈ ಕಾಳಗವನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ. ಅವರೂ ಫಿಲಿಪ್ ವಾಗನರ್ ಅವರೂ ಒಟ್ಟಾಗಿ ದಖನ್ನಿನ ಬುರುಜುಗಳನ್ನು ಅಳೆದು ನೋಡಿ, ಎತ್ತರದ ಬುರುಜು, ಅದರ ಮೇಲೆ ಕೀಲಿನಲ್ಲಿ ತಿರುಗುವ ತೋಪು ಎಂಬ ಜೋಡಿ ಹದಿನಾರನೆಯ ಶತಮಾನದಲ್ಲಿ ಇಲ್ಲಿ ಹೇಗೆ ರೂಪುಗೊಂಡಿತೆಂದು ತೋರಿಸಿದ್ದಾರೆ. ಕೈಬಂದೂಕಿನ ಕಸುಬೂ ಇಲ್ಲಿ ಹಳೆಯದೇ. 1510ರವರೆಗೆ ಆದಿಲಶಾಹಿಗೆ ಸೇರಿದ್ದ ಗೋವೆಯ ಕಸುಬುದಾರರು ಬೊಹೆಮಿಯಾದವರಿಗೆ ಸಮನಾದ ಬಂದೂಕು ಮಾಡುತ್ತಾರೆಂದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ತನ್ನ ದೊರೆಗೆ ಬರೆದು, ಮಾದರಿಯನ್ನೂ ಕಳಿಸಿದ್ದ.

ತಿಕೋಟಾ, ಬಬಲೇಶ್ವರದ ಕಡೆಗೆ ಹೋದರೆ ಬಂದೂಕು ಬೇರೆ ರೂಪದಲ್ಲಿ ಸಿಗುತ್ತದೆ. ಶೆರ್ಜಾ ಬುರುಜಿನಿಂದ ಪಡುವಣಕ್ಕೆ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಎರಡೂ ಬದಿಗೆ ದ್ರಾಕ್ಷಿ ಚಪ್ಪರ, ಒಣದ್ರಾಕ್ಷಿಯ ಶೆಡ್ಡು. ಈ ಸೀಮೆಯ ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದ ಮದ್ದು ತುಂಬುವ ಬಂದೂಕು ಲೈಸೆನ್ಸಿನ ಪುಸ್ತಕದ ಜೊತೆಗೇ ತಲೆಮಾರು ದಾಟುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯುವ ರೈತನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸಿಗೆ ಪ್ರತ್ಯೇಕ ಜಾಗವೇ ಇದೆ. ಚುನಾವಣೆ ಬಂತೆಂದರೆ ಆ ಬಂದೂಕು ಠಾಣೆಗೆ ಹೋಗಬೇಕು. ಖಂಡೇನವಮಿಗೆ ಒರೆಸಿ, ಎಣ್ಣೆ ಹಚ್ಚಿ, ಕತ್ತಿ-ಕುಡುಗೋಲುಗಳ ಜೊತೆ ಪೂಜೆಗೆ ಇಡಬೇಕು. ವರ್ಷದಲ್ಲಿ ಅದು ಸಿಡಿಯುವುದಕ್ಕಿಂತ ಒರೆಸಿಕೊಳ್ಳುವುದೇ ಹೆಚ್ಚು. ಹಿಡಿಕೆಯ ಕಟ್ಟಿಗೆ ಯಾವುದು, ಕುದುರೆ ಎಳೆದಾಗ ಸದ್ದು ಹೇಗೆ, ನಳಿಗೆಯ ಮೇಲಿನ ಗುರುತು ಯಾವ ಊರಿನದು ಎಂದು ಇಬ್ಬರು ಕೂತು ಮಾತಾಡತೊಡಗಿದರೆ ಚಹಾ ಎರಡು ಸಲ ಆರುತ್ತದೆ. ಕೊಡಗಿನವರಿಗೆ ಕಾಯ್ದೆಯಿಂದ ವಿನಾಯಿತಿ ಇದೆ, ಈಗಿನ ಆದೇಶದಂತೆ 2029ರವರೆಗೆ. ನಮ್ಮ ಕಡೆ ಅದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮದುವೆ-ಮೆರವಣಿಗೆಯಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಆಯುಧ ಪ್ರೀತಿಸುವವನೇ ಅದರ ಬಾಯಿ ಎತ್ತ ತಿರುಗಿದೆ ಎಂದು ಮೊದಲು ನೋಡಬೇಕಾದವನು. ಭೀಮಾ ತೀರದ ನಾಡಪಿಸ್ತೂಲಿನ ಸುದ್ದಿಗಳು ಜಿಲ್ಲೆಯ ಹೆಸರಿಗೆ ಹತ್ತಿಸಿದ ಮಸಿ ಸಾಕಷ್ಟಿದೆ. ಆ ಕಳ್ಳಮಾಲಿಗೂ ಈ ಹವ್ಯಾಸಕ್ಕೂ ನಂಟಿಲ್ಲ, ಇರಲೂಬಾರದು.

ಬಬಲೇಶ್ವರದಿಂದ ದಕ್ಷಿಣಕ್ಕೆ ಗಲಗಲಿಯ ಹತ್ತಿರ ಕೃಷ್ಣೆ ದಾಟಿ ಮುಧೋಳ ಸೀಮೆಗೆ ಹೋದರೆ ಹಲಗಲಿ. ಈಗ ಬಾಗಲಕೋಟೆ ಜಿಲ್ಲೆ, 1997ರವರೆಗೆ ನಮ್ಮದೇ ಜಿಲ್ಲೆ. ಕೈಯಲ್ಲಿನ ಆಯುಧ ಒಂದು ಸಮುದಾಯಕ್ಕೆ ಏನಾಗಿರುತ್ತದೆ ಎಂದು ಅರಿಯಲು ಈ ಊರಿನ ಚರಿತ್ರೆಗಿಂತ ಮಿಗಿಲಾದದ್ದು ನನಗೆ ಕಂಡಿಲ್ಲ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದು, ಆಯುಧ ಇಟ್ಟುಕೊಂಡವರೆಲ್ಲ ಅದನ್ನು ತಂದು ತೋರಿಸಿ ದಾಖಲಿಸಬೇಕೆಂದಿತು. ಬೇಟೆ ಮತ್ತು ಕಾವಲನ್ನೇ ಬದುಕಾಗಿಸಿಕೊಂಡಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನ ಕೊನೆಯಲ್ಲಿ ಕುದುರೆ ದಂಡು ಊರಿಗೆ ನುಗ್ಗಿತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೇರಿಸಿದರು. ಈ ದಂಗೆಯ ಲಾವಣಿಯನ್ನು ಶಾಸನತಜ್ಞ ಜಾನ್ ಫ್ಲೀಟ್ 1880ರ ದಶಕದಲ್ಲಿ ಪ್ರಕಟಿಸಿದ. ನಮ್ಮ ಹೈಸ್ಕೂಲು ಮಕ್ಕಳು ಅದನ್ನು ಪಠ್ಯದಲ್ಲಿ ಓದಿದ್ದಾರೆ. ಮ್ಯೂಸಿಯಂನಲ್ಲಿ ಒಂದು ಹಳೆಯ ಬಂದೂಕಿನ ಮುಂದೆ ನಿಂತಾಗ ಅದರ ತಯಾರಿಯ ವರ್ಷವನ್ನಷ್ಟೇ ಕೇಳದೆ, ಅದನ್ನು ಯಾರ ಕೈಯಿಂದ ಕಸಿದುಕೊಂಡರು ಎಂದೂ ಕೇಳುವ ಅಭ್ಯಾಸ ನನಗೆ ಹಲಗಲಿಯಿಂದ ಬಂದದ್ದು.

ಹೊಸ ತಲೆಮಾರಿಗೆ ದಾರಿ ಬೇರೆ ಇದೆ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ. ಎನ್‌ಸಿಸಿ ಕೆಡೆಟ್‌ಗಳು ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಮಲಗಿ ಗುರಿ ಕಲಿಯುತ್ತಾರೆ. 2016ರ ನಿಯಮಗಳಂತೆ 0.177 ಅಂಗುಲ ಮೀರದ, ಇಪ್ಪತ್ತು ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಒಲಿಂಪಿಕ್‌ನ ಹತ್ತು ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಎಪ್ಪತ್ತು ಸೆಂಟಿಮೀಟರ್ ಬಾಯಿಯ ತೋಪಿನ ಊರಿನ ಮಗುವೊಂದು ಅರ್ಧ ಮಿಲಿಮೀಟರಿನ ಮೇಲೆ ಉಸಿರು ಹಿಡಿದು ನಿಲ್ಲುವುದನ್ನು ಕಾಣಲು ನನಗೆ ಬಹಳ ಆಸೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲ್ ಹಿಡಿದು 2016ರಲ್ಲಿ ರಿಯೊ ಒಲಿಂಪಿಕ್ಸ್ ತಲುಪಿದರು. ತಿಕೋಟಾ, ಬಬಲೇಶ್ವರದ ಹೈಸ್ಕೂಲುಗಳಲ್ಲಿ ಹತ್ತು ಮೀಟರಿನ ಒಂದು ಕೋಣೆ, ಎರಡು ಏರ್ ರೈಫಲ್, ಒಬ್ಬ ತಿಳಿದ ಶಿಕ್ಷಕ ಸಿಕ್ಕರೆ ಆರಂಭಕ್ಕೆ ಅದೇ ಸಾಕು.

ತೋಪುಗಳನ್ನು ನೋಡಹೋಗುವವರಿಗೆ ಒಂದೆರಡು ಮಾತು. ಮೊದಲು ಗೋಳಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಂ. ಅಲ್ಲಿನ ಆಯುಧಗಳನ್ನು ನೋಡಿಕೊಂಡರೆ ಕಣ್ಣು ಪಳಗುತ್ತದೆ. ಮಲಿಕ್-ಎ-ಮೈದಾನ್‌ನ ನಾದ ಕೇಳಲೆಂದು ಕಲ್ಲಿನಿಂದ ಬಡಿಯಬೇಡಿ, ಬೆರಳ ಗಂಟಿನಿಂದ ತಟ್ಟಿದರೂ ಕಿವಿಗೆ ತಿಳಿಯುತ್ತದೆ. ಹತ್ತಿರದ ನೀರಿನ ತೊಟ್ಟಿಯನ್ನು ತೋರಿಸಿ, ಬತ್ತಿ ಹಚ್ಚಿದ ಗೋಲಂದಾಜ ಸದ್ದಿಗೆ ಹೆದರಿ ಅದರಲ್ಲಿ ಮುಳುಗುತ್ತಿದ್ದನೆಂದು ಗೈಡ್ ಹೇಳುತ್ತಾನೆ, ಕೇಳಿ ಬನ್ನಿ. ಉಪಲಿ ಬುರುಜಿಗೆ ಸಂಜೆ ನಾಲ್ಕರ ಮೇಲೆ ಹೋಗಿ, ಜೊತೆಗೆ ಅಳತೆಯ ಟೇಪು, ಒಂದು ಟಾರ್ಚು ಇರಲಿ. ಬಾಯೊಳಗೆ ಬೆಳಕು ಬಿಟ್ಟರೆ ಉದ್ದನೆಯ ಪಟ್ಟಿಗಳ ಸಂದು ಕಾಣುತ್ತದೆ, ಬಳೆಗಳನ್ನು ಹೊರಗಿನಿಂದ ಎಣಿಸಬಹುದು. ಎಣಿಸಿದ್ದನ್ನು ಬರೆದಿಡಿ, ಜೊತೆಯವರ ಎಣಿಕೆಗೆ ಹೋಲಿಸಿ ನೋಡಿ. ಲಾಂಡಾ ಕಸಾಬಿಗೆ ದಾರಿ ಕೇಳಿಕೊಂಡೇ ಹೋಗಬೇಕು. ಗೋಡೆಯ ಮೇಲೆ ಮುಳ್ಳುಕಂಟಿ ಬೆಳೆದಿರುತ್ತದೆ, ಗಟ್ಟಿ ಚಪ್ಪಲಿ ಹಾಕಿಕೊಳ್ಳಿ.